ಅಕ್ಕನ ಬೆನ್ನಿನ ಅಂಕಿ

ನಮ್ಮ ಯಂತ್ರದ ಮಂಚದ ಮೇಲೆ ದಿನಾ ಬೆಳಿಗ್ಗೆ ಮೊದಲು ಮಲಗುವುದು ಮನುಷ್ಯರಲ್ಲ, ರಾಳದಿಂದ ಮಾಡಿದ ಒಂದು ನಕಲಿ ಬೆನ್ನೆಲುಬು. ಇಟ್ಟಿಗೆಯಷ್ಟು ದೊಡ್ಡದು, ಒಳಗೆ ಬೆನ್ನುಮೂಳೆಯ ನಾಲ್ಕು ಮಣಿಗಳು. ಅದನ್ನು ಮಂಚದ ನಡುವೆ ಇಟ್ಟು ಗುಂಡಿ ಒತ್ತಿದರೆ ಯಂತ್ರದ ತೋಳು ಗುಂಯ್ ಎನ್ನುತ್ತ ಮೇಲಿಂದ ಹಾದುಹೋಗಿ ಅದರ ಮೂಳೆ ಎಷ್ಟು ಗಟ್ಟಿ ಎಂದು ಹೇಳುತ್ತದೆ. ಹನ್ನೊಂದು ವರ್ಷಗಳಿಂದ ಅದೇ ಅಂಕಿ. ಅಂಕಿ ಬದಲಾಗಲಿಲ್ಲ ಎಂದರೆ ಯಂತ್ರ ಸರಿಯಾಗಿದೆ ಎಂದರ್ಥ. ಆಮೇಲೆ ಮನುಷ್ಯರನ್ನು ಮಲಗಿಸಬಹುದು. ನೆಲ ಒರೆಸುವ ಆಯಮ್ಮ ಅದಕ್ಕೆ ದೊಡ್ಡಮ್ಮ ಎಂದು ಹೆಸರಿಟ್ಟಿದ್ದಾಳೆ. "ದೊಡ್ಡಮ್ಮನಿಗೆ ಮಾತ್ರ ವಯಸ್ಸೇ ಆಗಲ್ಲ ನೋಡಿ. ಗಂಡ ಇಲ್ಲ, ಮಕ್ಕಳಿಲ್ಲ, ಯಾಕಾಗುತ್ತೆ" ಎನ್ನುತ್ತಾಳೆ.

ಆ ವಾರವೂ ದೊಡ್ಡಮ್ಮ ಬದಲಾಗಿರಲಿಲ್ಲ. ಬದಲಾದವರು ಉಳಿದವರು.

ಸೋಮವಾರ ಗ್ರಂಥಾಲಯದಲ್ಲಿ ಕೆಲಸ ಮಾಡುವ ಹೆಂಗಸು ಬಂದಳು. ಹೋದ ವರ್ಷಕ್ಕಿಂತ ಶೇಕಡಾ ಒಂಬತ್ತು ಹೆಚ್ಚು. ಬುಧವಾರ ಬೇಕರಿಯವಳು, ಶೇಕಡಾ ಹತ್ತು. ಗುರುವಾರ ಇಬ್ಬರು ಓರಗಿತ್ತಿಯರು ಜೊತೆಯಾಗಿ ಬಂದರು; ಒಬ್ಬರ ಮುಖ ಒಬ್ಬರಿಗೆ ಆಗದಿದ್ದರೂ ಪರೀಕ್ಷೆಗೆ ಒಟ್ಟಿಗೇ ಬರುತ್ತಾರೆ. ಅವರಿಬ್ಬರದೂ ಅಷ್ಟೇ ಏರಿತ್ತು. ಐವತ್ತೈದು ದಾಟಿದ ಹೆಂಗಸಿನ ಮೂಳೆ ಬಿಸಿಲಿಗಿಟ್ಟ ಮಂಜುಗಡ್ಡೆ ಇದ್ದ ಹಾಗೆ. ಕರಗದೆ ಉಳಿದರೆ ಅದೇ ದೊಡ್ಡದು. ಔಷಧಿ ತೆಗೆದುಕೊಂಡು ಎರಡೋ ಮೂರೋ ಏರಿದರೆ ಡಾಕ್ಟರಮ್ಮ ಕುರ್ಚಿಯಿಂದ ಎದ್ದು ಬಂದು ಕೈ ಕುಲುಕುತ್ತಾರೆ. ಹತ್ತು ಎಂಬುದನ್ನು ಹನ್ನೊಂದು ವರ್ಷದಲ್ಲಿ ನಾನು ಬೆರಳೆಣಿಕೆಯಷ್ಟು ಸಲ ಕಂಡಿದ್ದೆ. ಒಂದೇ ವಾರದಲ್ಲಿ ನಾಲ್ಕು ಕಂಡಿರಲಿಲ್ಲ.

ನಾವು ಯಂತ್ರ ನಡೆಸುವವರು ಅಂಕಿ ಹೇಳುವಂತಿಲ್ಲ. "ಡಾಕ್ಟರು ಹೇಳ್ತಾರೆ" ಎನ್ನಬೇಕು. ಹಾಗಾಗಿ ಬೇರೆ ಏನೋ ಕೇಳುವವಳಂತೆ ಓರಗಿತ್ತಿಯರಲ್ಲಿ ಹಿರಿಯಳನ್ನು ಕೇಳಿದೆ.

"ಔಷಧಿ ಏನಾದ್ರೂ ತಗೊಳ್ತಿದ್ದೀರಾ? ಫಾರಂನಲ್ಲಿ ಇಲ್ಲ ಅಂತ ಬರೆದಿದ್ದೀರಿ."

"ಇಲ್ಲಪ್ಪ. ಔಷಧಿ ಅಂದ್ರೆ ನನಗಾಗಲ್ಲ. ಬರೀ ಪುಡಿ, ಹಾಲಿಗೆ ಹಾಕ್ಕೊಂಡು."

"ಇವಳು ಎರಡು ಚಮಚ ಹಾಕ್ಕೊಳ್ತಾಳೆ, ನನಗೆ ಒಂದು ಇಡ್ತಾಳೆ" ಎಂದಳು ಕಿರಿಯಳು.

"ಯಾವ ಪುಡಿ?"

"ಅದೇ, ನೀಲಿ ಡಬ್ಬಿ. ಟೀಚರ್ ಕೊಡ್ತಾರಲ್ಲ."

ನೀಲಿ ಡಬ್ಬಿ ನನಗೆ ಗೊತ್ತಿತ್ತು. ಅಕ್ಕನ ಮನೆಯಲ್ಲಿ ಸಕ್ಕರೆ ಡಬ್ಬಿಯ ಪಕ್ಕದಲ್ಲೇ ಅದು ಇತ್ತು.

ಅಕ್ಕನಿಗೂ ನನಗೂ ಹನ್ನೆರಡು ವರ್ಷ ಅಂತರ. ಅವಳಿಗೆ ಈಗ ಅರವತ್ತೊಂದು. ನಾನು ಇಪ್ಪತ್ತು ದಾಟುವ ಹೊತ್ತಿಗೆ ಅಮ್ಮ ಕೊಡೆಯ ಹಿಡಿಯಂತೆ ಬಾಗಿದ್ದಳು. ಬಂದವರನ್ನು ಚಪ್ಪಲಿ ನೋಡಿ ಗುರುತಿಸುತ್ತಿದ್ದಳು. "ಹಿಮ್ಮಡಿ ಸವೆದಿದೆ, ನೀನು ದೊಡ್ಡವಳು" ಎನ್ನುತ್ತಿದ್ದಳು ಅಕ್ಕನಿಗೆ. ನಮ್ಮ ಮುಖ ನೋಡಬೇಕೆನಿಸಿದರೆ ಅಮ್ಮನನ್ನು ಮಗ್ಗುಲಾಗಿ ಮಲಗಿಸಿ ನಾವು ಎದುರಿಗೆ ನೆಲದ ಮೇಲೆ ಮಲಗಿಕೊಳ್ಳಬೇಕಿತ್ತು. ಹಾಗೆ ಮಲಗಿ ನಾವು ಮೂವರೂ ಎಷ್ಟೋ ಮಧ್ಯಾಹ್ನ ಮಾತಾಡಿದ್ದೇವೆ. ಅಮ್ಮ ಹೋದ ಮೇಲೆ ನನ್ನನ್ನು ಓದಿಸಿದ್ದು, ಈ ಕೆಲಸಕ್ಕೆ ಸೇರಿಸಿದ್ದು, ನನ್ನ ಮದುವೆಯ ಬಟ್ಟೆ ಹೊಲಿದದ್ದು, ಮದುವೆ ಮುರಿದಾಗ ಬಂದು ನನ್ನ ಪೆಟ್ಟಿಗೆ ಹೊತ್ತು ನಡೆದದ್ದು, ಎಲ್ಲ ಅಕ್ಕನೇ. ಅವಳು ಹೊಲಿಗೆಯವಳು. ಆಸ್ಪತ್ರೆಗಳಿಗೆ ಪರದೆ, ರೋಗಿಗಳ ಅಂಗಿ, ದಿಂಬಿನ ಚೀಲ ಹೊಲಿದು ಕೊಡುತ್ತಾಳೆ. ಯಾರಿಗೂ ಹೆದರದವಳು. ಅವಳಿಗೆ ಇದ್ದದ್ದು ಒಂದೇ ಭಯ: ಅಮ್ಮನ ಬೆನ್ನು.

ಐವತ್ತಾರರಲ್ಲಿ ಬಟ್ಟೆಯ ಥಾನು ಎತ್ತುವಾಗ ಅಕ್ಕನ ಮಣಿಕಟ್ಟು ಮುರಿಯಿತು. ನಾನೇ ಅವಳನ್ನು ಯಂತ್ರದ ಮೇಲೆ ಮಲಗಿಸಿದೆ. ಮೈನಸ್ ಮೂರು ಪಾಯಿಂಟ್ ಎರಡು. ಮೈನಸ್ ಎರಡೂವರೆಗಿಂತ ಕೆಳಗಿಳಿದರೆ ಮೂಳೆ ಟೊಳ್ಳಾಗಿದೆ ಎಂದು ಲೆಕ್ಕ. ಡಾಕ್ಟರಮ್ಮ ಆರು ತಿಂಗಳಿಗೊಂದು ಇಂಜೆಕ್ಷನ್ ಶುರು ಮಾಡಿದರು. ಆಗ ಅವರು ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ. "ಇದು ಬಾಗಿಲಿಗೆ ಹಾಕಿದ ಅಗುಳಿ ಇದ್ದ ಹಾಗೆ. ಇರೋವರೆಗೆ ಭದ್ರ. ನನ್ನ ಕೇಳದೆ ಮಾತ್ರ ತೆಗೀಬೇಡಿ." ಅಕ್ಕನ ಪಕ್ಕದಲ್ಲಿ ನಿಂತು ನಾನೂ ತಲೆ ಆಡಿಸಿದ್ದೆ.

ನಾಲ್ಕು ವರ್ಷ, ಎಂಟು ಇಂಜೆಕ್ಷನ್. ಅಂಕಿ ಮೆಲ್ಲಗೆ ಮೈನಸ್ ಎರಡು ಪಾಯಿಂಟ್ ಎಂಟಕ್ಕೆ ಬಂತು. ಎಂಟನೆಯದು ಆದ ಮೇಲೆ ಡಬ್ಬಿ ಟೀಚರ್ ಬಂದರು. ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಕೋಟು ಹೊಲಿಸಲು ಬಂದವರು ಒಂದು ನೀಲಿ ಡಬ್ಬಿ ಇಟ್ಟುಹೋದರು. ಮೂಳೆಗೆ ಬೇಕಾದ ಏಳು ಸೂಕ್ಷ್ಮ ಖನಿಜಗಳು ಎಂದು ಅದರ ಮೇಲೆ ಬರೆದಿತ್ತು. ಸತು, ತಾಮ್ರ, ಮ್ಯಾಂಗನೀಸ್, ಬೋರಾನ್ ಹೀಗೆ. ಆರನೆಯ ಹೆಸರನ್ನು ಓದಲು ನನ್ನ ನಾಲಿಗೆ ಎರಡು ಸಲ ಎಡವಿತು: ಸ್ಟ್ರಾನ್ಷಿಯಂ. ಓದಿದೆ, ಡಬ್ಬಿ ಕೆಳಗಿಟ್ಟೆ. ಸಾಸಿವೆಯಷ್ಟು ಖನಿಜ ಏನು ಮಾಡೀತು ಎಂದುಕೊಂಡೆ.

ಒಂಬತ್ತನೆಯ ಇಂಜೆಕ್ಷನ್ ಹೊತ್ತಿಗೆ ಅಕ್ಕನ ದವಡೆಹಲ್ಲು ಕೆಟ್ಟಿತ್ತು. ಹಲ್ಲು ಕೀಳುವವರೆಗೆ ಇಂಜೆಕ್ಷನ್ ಬೇಡ, ಮೂಳೆಯ ಡಾಕ್ಟರನ್ನು ಕೇಳಿ ಬನ್ನಿ ಎಂದರು ಹಲ್ಲಿನ ಡಾಕ್ಟರು. ಕೇಳುವ ಮುಂಚೆ ಒಮ್ಮೆ ನೋಡೋಣ ಎಂದು ನಾನು ಊಟದ ಬಿಡುವಿನಲ್ಲಿ ಅವಳನ್ನು ಕರೆಸಿದೆ. ಫಾರಂ ಇಲ್ಲ, ರಸೀದಿ ಇಲ್ಲ. ಸಿಬ್ಬಂದಿಯ ಮನೆಯವರೆಂದು ಎಲ್ಲರೂ ಹಾಗೆ ಮಾಡುತ್ತಿದ್ದರು. ಯಂತ್ರದ ತೋಳು ಹಾದುಹೋಯಿತು. ಅಂಕಿ ಬಂತು.

"ಅಕ್ಕಾ, ಏರಿದೆ."

"ಬೆಲೆ ಬಿಟ್ಟು ಬೇರೆ ಏನಾದ್ರೂ ಏರಿದ್ದು ನಾನು ಕಂಡಿಲ್ಲ. ಸರಿಯಾಗಿ ನೋಡು."

"ಸರಿಯಾಗೇ ನೋಡಿದ್ದೀನಿ. ಶೇಕಡಾ ಐದು."

ಅವಳು ಮಂಚದ ಮೇಲೆ ಮಲಗಿದ್ದಂತೆಯೇ ಚಾವಣಿ ನೋಡಿದಳು. "ಹಾಗಾದ್ರೆ ಸೂಜಿ?"

"ಹಲ್ಲಿನದು ಮುಗೀಲಿ. ಈ ಸಲ ಬಿಡು."

"ನೀನು ಹೇಳಿದ್ರೆ ಸರಿ."

ಆ ಮಾತಿನ ರುಚಿಯನ್ನು ನಾನು ಹೇಗೆ ಹೇಳಲಿ. ಹುಟ್ಟಿದಾಗಿನಿಂದ ಅದನ್ನು ಅವಳಿಗೆ ನಾನು ಹೇಳುತ್ತ ಬಂದವಳು. ಯಾವ ಬಣ್ಣದ ಬಟ್ಟೆ, ಯಾವ ಕೋರ್ಸು, ಆ ಗಂಡನ ಮನೆಯಿಂದ ಬರಲೋ ಬೇಡವೋ, ಎಲ್ಲದಕ್ಕೂ ನೀನು ಹೇಳಿದರೆ ಸರಿ ಅಕ್ಕ. ಈಗ ಮೊದಲ ಬಾರಿಗೆ ಆ ಮಾತು ತಿರುಗಿ ನನ್ನ ಕಡೆ ಬಂದಿತ್ತು. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಡಾಕ್ಟರಮ್ಮನನ್ನು ಕೇಳುವುದನ್ನು ನಾನು ಮರೆತೆ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೆ. ಮರೆತಿರಲಿಲ್ಲ. ಆ ಸಂತೋಷವನ್ನು ಯಾರ ಕೈಗೂ ಕೊಡಲು ಮನಸ್ಸಿರಲಿಲ್ಲ.

ಆರು ತಿಂಗಳ ನಂತರ ಇನ್ನೂ ನಾಲ್ಕು ಏರಿತು. ಹತ್ತನೆಯ ಇಂಜೆಕ್ಷನ್ನೂ ಹೋಯಿತು. ಚಿಕಿತ್ಸಾಲಯದಿಂದ ಫೋನು ಬಂದಾಗ ಅಕ್ಕ, "ನನ್ನ ತಂಗೀನೇ ಮೆಷಿನ್ ಮೇಲಿರೋದು, ಅವಳು ನೋಡ್ಕೊಳ್ತಾಳೆ" ಎಂದು ಇಟ್ಟುಬಿಟ್ಟಳು. ಹೋದ ತಿಂಗಳು ಮೂರನೆಯ ಸಲ ಮಲಗಿಸಿದೆ. ಒಂದೇ ಏಟಿಗೆ ಏಳು ಏರಿತ್ತು. ಅಂದು ನಾವಿಬ್ಬರೂ ಎದುರಿನ ಅಂಗಡಿಯಲ್ಲಿ ಕುಳಿತು ಕೇಕು ತಿಂದೆವು. ಅಕ್ಕ ಅರ್ಧ ತಿಂದು, ಕುಳಿತುಕೊಳ್ಳಲು ಈ ಕುರ್ಚಿ ಸರಿಯಿಲ್ಲ ಎಂದು ಎದ್ದು ನಿಂತಳು. ನಾನು ಅವಳ ತಟ್ಟೆಯದನ್ನೂ ತಿಂದೆ.

ಶುಕ್ರವಾರ ಯಂತ್ರದ ಇಂಜಿನಿಯರ್ ಬಂದರು. ನಾವು ಅವರನ್ನು ಮೆಷಿನ್ ಮೇಷ್ಟ್ರು ಎನ್ನುತ್ತೇವೆ. ತಿಂಗಳ ಕೊನೆಗೆ ಬರಬೇಕಾದವರನ್ನು ನಾನೇ ಫೋನು ಮಾಡಿ ಕರೆಸಿದ್ದೆ. ಅವರು ದೊಡ್ಡಮ್ಮನನ್ನು ಹತ್ತು ಸಲ ಮಲಗಿಸಿದರು. ಹತ್ತು ಸಲವೂ ಅದೇ ಅಂಕಿ.

"ಬಂಗಾರದಂಥ ಮೆಷಿನ್. ಇದಕ್ಕೇನೂ ಆಗಿಲ್ಲ."

"ಹಾಗಾದ್ರೆ ಆ ನಾಲ್ಕು ಜನರದ್ದು ಹ್ಯಾಗೆ ಏರುತ್ತೆ?"

"ನನಗೆ ಮೆಷಿನ್ ರಿಪೇರಿ ಮಾತ್ರ ಬರೋದು ಮೇಡಂ. ಹೆಂಗಸರ ರಿಪೇರಿ ಗೊತ್ತಿದ್ದಿದ್ರೆ ನಾನು ಮನೇಲಿ ಸುಖವಾಗಿ ಇರ್ತಿದ್ದೆ."

"ನಾಲ್ಕೂ ಜನ ಒಂದೇ ಪುಡಿ ತಗೊಳ್ತಿದ್ದಾರೆ."

ಸ್ಕ್ರೂ ತಿರುಗಿಸುತ್ತಿದ್ದ ಅವರ ಕೈ ನಿಂತಿತು. "ಅದ್ರಲ್ಲಿ ಸ್ಟ್ರಾನ್ಷಿಯಂ ಇದ್ಯಾ?"

ನಾನು ತಲೆಯಾಡಿಸಿದೆ.

"ಮತ್ತೆ ನನ್ನನ್ನ ಯಾಕೆ ಕರೆಸಿದ್ರಿ" ಎಂದು ಅವರು ಸ್ಟೂಲ್ ಎಳೆದುಕೊಂಡು ಕುಳಿತರು. "ನೋಡಿ, ಈ ಮೆಷಿನ್‌ಗೆ ಮೂಳೆ ಅಂದ್ರೆ ಏನು ಅಂತ್ಲೇ ಗೊತ್ತಿಲ್ಲ. ಎಷ್ಟು ಕಿರಣ ಬಿಟ್ಟೆ, ಎಷ್ಟು ಆ ಕಡೆ ದಾಟ್ತು, ಅಷ್ಟೇ ಅದರ ಲೆಕ್ಕ. ಕ್ಯಾಲ್ಸಿಯಂ ಕೂರೋ ಜಾಗದಲ್ಲಿ ಅದಕ್ಕಿಂತ ಭಾರದ್ದು ಹೋಗಿ ಕೂತ್ರೆ ಕಿರಣ ಜಾಸ್ತಿ ತಡೆಯುತ್ತೆ. ಮೆಷಿನ್ ಪಾಪ, ಮೂಳೆ ಜಾಸ್ತಿ ಆಯ್ತು ಅಂದ್ಕೊಳ್ಳುತ್ತೆ."

"ಅಂದ್ರೆ ಪುಡಿ ಮೋಸಾನಾ?"

"ಪುಡಿಯಿಂದ ಒಳ್ಳೇದೋ ಕೆಟ್ಟದ್ದೋ ಡಾಕ್ಟರ್ ಹೇಳ್ಬೇಕು, ನಾನಲ್ಲ. ಅಂಕಿ ಮಾತ್ರ ನಂಬೋ ಹಾಗಿಲ್ಲ. ಇದರಲ್ಲಿ ಮೂಳೆ ಎಷ್ಟು, ವೇಷ ಎಷ್ಟು ಅಂತ ಬಿಡಿಸಿ ಹೇಳೋಕೆ ಈ ಮೆಷಿನ್ ಕೈಲಾಗಲ್ಲ."

ಅವರು ಪೆಟ್ಟಿಗೆ ಮುಚ್ಚಿದರು. ಬಾಗಿಲ ಬಳಿ ನಿಂತು, ಹೋಗುವವರು ಹವೆಯ ಬಗ್ಗೆ ಒಂದು ಮಾತಾಡುವ ಹಾಗೆ ಹೇಳಿದರು. "ಇನ್ನು ಏಕ್‌ದಂ ಏರಿದ್ರೆ ಚಿತ್ರಾನೂ ನೋಡ್ತಿರ್ತೀರಲ್ಲ. ಮಣಿ ಕುಸಿದ್ರೂ ಅಂಕಿ ಏರುತ್ತೆ. ರಟ್ಟಿನ ಡಬ್ಬಾನ ತುಳಿದು ಚಪ್ಪಟೆ ಮಾಡಿದ್ರೆ ರಟ್ಟು ಅಷ್ಟೇ ಇರುತ್ತೆ, ಜಾಗ ಕಮ್ಮಿ ಆಗುತ್ತೆ. ಒತ್ತಾಗಿ ಕಾಣುತ್ತೆ. ಹನ್ನೊಂದು ವರ್ಷದವರಿಗೆ ನಾನೇನು ಹೇಳೋದು."

ನನಗೆ ಗೊತ್ತಿದ್ದದ್ದೇ. ತರಬೇತಿಯ ಮೊದಲ ವಾರ ಅವರು ಕಲಿಸಿದ್ದೇ ಅದು: ಮೊದಲು ಚಿತ್ರ ನೋಡು, ಆಮೇಲೆ ಅಂಕಿ. ಹೊರಗಿನವರ ವಿಷಯದಲ್ಲಿ ನಾನು ಒಂದು ದಿನವೂ ತಪ್ಪಿದವಳಲ್ಲ. ಆದರೆ ಊಟದ ಬಿಡುವು ಅರ್ಧ ಗಂಟೆ. ಯಂತ್ರದಲ್ಲಿ ಒಂದು ಅನುಕೂಲವಿದೆ, ಹಿಂದಿನ ಸಲ ಎಳೆದ ಗೆರೆಗಳನ್ನೇ ಈ ಸಲದ ಚಿತ್ರದ ಮೇಲೆ ತಂದು ಕೂರಿಸುವುದು. ಅಕ್ಕನ ಮೂರು ಚಿತ್ರಗಳಿಗೂ ನಾನು ಅದನ್ನೇ ಒತ್ತಿದ್ದೆ. ಗೆರೆ ಕೂತಿತು, ಅಂಕಿ ಬಂತು, ನಾನು ಅಂಕಿ ನೋಡಿದೆ.

ಈಗ ಬಾಗಿಲು ಹಾಕಿಕೊಂಡು ಮೂರನ್ನೂ ಪಕ್ಕಪಕ್ಕ ತೆರೆದೆ. ಮೊದಲ ಎರಡರಲ್ಲಿ ಮಣಿಗಳು ಒಂದರ ಮೇಲೊಂದು ಚೌಕವಾಗಿ ಕುಳಿತಿದ್ದವು. ಮೂರನೆಯದರಲ್ಲಿ, ಗೆರೆಯೊಳಗಿನ ನಾಲ್ಕರ ಪೈಕಿ ಮೇಲ್ತುದಿಯ ಮಣಿ ಉಳಿದವುಗಳಿಗಿಂತ ಬೆಳ್ಳಗಿತ್ತು. ಬೆಳ್ಳಗೆ, ಗಿಡ್ಡಗೆ. ಗೆರೆ ಮಣಿಯ ಮೇಲೆ ಇರಲಿಲ್ಲ. ಮಣಿ ಮೊದಲಿದ್ದ ಜಾಗದಲ್ಲಿತ್ತು. ಅದರ ಮೇಲಿನ ಮಣಿ ಚಿತ್ರದ ಅಂಚಿನಲ್ಲಿ ಅರ್ಧ ಮಾತ್ರ ಕಾಣುತ್ತಿತ್ತು. ಅದೂ ಬೆಳ್ಳಗಿತ್ತು.

ನಾವು ಕೇಕು ತಿಂದು ಆಚರಿಸಿದ್ದು ಇದನ್ನು.

ಮಧ್ಯಾಹ್ನದ ರಜೆ ಹಾಕಿ ಹೋದೆ. ಅಕ್ಕನ ಮನೆ ಚಪ್ಪಲಿ ಅಂಗಡಿಯ ಮೇಲಿನ ಎರಡು ಕೋಣೆ. ಹದಿನೆಂಟು ಮೆಟ್ಟಿಲು. ಬಾಗಿಲು ತೆರೆದೇ ಇತ್ತು. ಕತ್ತರಿಸುವ ಮೇಜಿನ ಪಕ್ಕ ಡಬ್ಬಿ ಟೀಚರ್ ಅರ್ಧ ಹೊಲಿದ ಇನ್ನೊಂದು ಕೋಟು ತೊಟ್ಟು, ಕೈ ಎರಡೂ ಚಾಚಿ ನಿಂತಿದ್ದರು. ಅಕ್ಕ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಅವರ ಸೊಂಟದ ಬಳಿ ಬಗ್ಗಿದ್ದಳು.

"ಬಗ್ಗಬೇಡ" ಎಂದೆ.

ಇಬ್ಬರೂ ತಿರುಗಿದರು. ಅಕ್ಕ ಪಿನ್ನು ಉಗುಳಿ ಕೈಗೆ ತೆಗೆದುಕೊಂಡಳು. "ಬಗ್ಗದೆ ಕೋಟು ಹೊಲಿಯೋದು ನೀನು ಕಲಿಸ್ತೀಯೇನು? ಏನೇ ಇದು, ಇಷ್ಟು ಹೊತ್ತಿಗೆ ಬಂದೆ?"

"ಬನ್ನಿ ಬನ್ನಿ" ಎಂದರು ಟೀಚರ್. "ನಿಮ್ಮ ಹೆಸರು ಹೇಳ್ಕೊಂಡೇ ನಾನು ಡಬ್ಬಿ ಕೊಡ್ತಿರೋದು. ಮೆಷಿನ್‌ನವರೇ ಅಳೆದು ನೋಡಿ ಸೈ ಅಂದಿದ್ದಾರೆ ಅಂದ್ರೆ ಯಾರೂ ಎರಡನೇ ಮಾತಾಡಲ್ಲ. ಹನ್ನೊಂದು ಜನ ಆದ್ರು."

"ಅವರಲ್ಲಿ ಎಷ್ಟು ಜನ ಡಾಕ್ಟರ ಔಷಧಿ ಬಿಟ್ಟಿದ್ದಾರೆ ಟೀಚರ್?"

"ಬಿಡಿ ಅಂತ ನಾನಂತೂ ಹೇಳಿಲ್ಲ" ಎಂದು ಅವರು ಕೈ ಇಳಿಸಿದರು. "ಅವರೇ ಬಿಟ್ರೆ ನಾನೇನು ಮಾಡ್ಲಿ. ಯಾಕೆ?"

ಮೇಷ್ಟ್ರು ಹೇಳಿದ್ದನ್ನು ನಾನು ಹೇಳಿದೆ. ಹೇಳುವಾಗ ಟೀಚರ್ ಮುಖವನ್ನೇ ನೋಡುತ್ತಿದ್ದೆ. ಅಕ್ಕನ ಕಡೆ ನೋಡುವ ಧೈರ್ಯವಿರಲಿಲ್ಲ.

"ನಾನೂ ದಿನಾ ಕುಡೀತೀನಿ" ಎಂದರು ಟೀಚರ್ ಕೊನೆಗೆ. "ನನ್ನ ಮಗಳಿಗೂ ಕೊಟ್ಟಿದ್ದೀನಿ. ವಿಷ ಅಂತ ಗೊತ್ತಿದ್ರೆ ಯಾರಾದ್ರೂ ಮಗಳಿಗೆ ಕೊಡ್ತಾರಾ?"

"ವಿಷ ಅಂತ ನಾನು ಹೇಳ್ತಿಲ್ಲ. ನನ್ನ ಅಂಕಿ ತಪ್ಪು ಅಂತ ಹೇಳ್ತಿದ್ದೀನಿ."

"ನಿಮ್ಮ ಅಂಕಿ ತಪ್ಪಾದ್ರೆ ನೀವು ಹನ್ನೊಂದು ಮನೆಗೆ ಹೋಗಿ ಹೇಳಿ. ನನ್ನನ್ನ ಯಾಕೆ ನೋಡ್ತೀರಿ?" ಅವರು ಕೋಟು ಬಿಚ್ಚಿ ಕುರ್ಚಿಯ ಮೇಲೆ ಹಾಕಿದರು. ಪಿನ್ನು ಚುಚ್ಚಿರಬೇಕು, ಬೆರಳು ಬಾಯಲ್ಲಿಟ್ಟುಕೊಂಡೇ ಮೆಟ್ಟಿಲಿಳಿದರು.

"ಪಾಪ, ಮುಖ ಸಣ್ಣದು ಮಾಡ್ಕೊಂಡು ಹೋದ್ರು" ಎಂದಳು ಅಕ್ಕ. "ಅವರ ಮುಂದೆ ಹೇಳ್ಬೇಕಿತ್ತಾ?"

"ನಿನ್ನ ಬೆನ್ನು ತೋರಿಸು."

"ಚಹಾ ಇಡ್ತೀನಿ ಇರು."

ಅವಳು ಒಲೆಯ ಕಡೆ ನಡೆದಾಗ ನಾನು ಅವಳ ನಿಲುವಂಗಿಯ ಅಂಚು ನೋಡಿದೆ. ಎರಡು ಬೆರಳಿನಷ್ಟು ಒಳಗೆ ಮಡಚಿ ಹೊಲಿದಿತ್ತು. ದಾರ ಹೊಸದು. ಕಿಟಕಿಯ ಹಗ್ಗದ ಮೇಲೆ ಒಣಗುತ್ತಿದ್ದ ಇನ್ನೆರಡನ್ನು ತಿರುಗಿಸಿ ನೋಡಿದೆ. ಅವಕ್ಕೂ ಅದೇ ಎರಡು ಬೆರಳು, ಅದೇ ಹೊಸ ದಾರ.

"ಇವನ್ನೆಲ್ಲ ಯಾಕೆ ಮಡಚಿದ್ದೀಯ?"

"ಬಟ್ಟೆ ಜಗ್ಗಿದೆ. ನೆಲ ಗುಡಿಸ್ತಿತ್ತು. ಈಗಿನ ಬಟ್ಟೆ ಒಗೆದ ಹಾಗೆಲ್ಲ ಉದ್ದ ಆಗುತ್ತೆ."

ಒಗೆದರೆ ಬಟ್ಟೆ ಕುಗ್ಗುತ್ತದೆ. ಹೊಸ ಬಟ್ಟೆಯನ್ನು ನೆನೆಸಿ ಒಣಗಿಸದೆ ಕತ್ತರಿ ಇಡಬೇಡ ಎಂದು ನನಗೆ ಹತ್ತನೆಯ ವಯಸ್ಸಿನಲ್ಲಿ ಕಲಿಸಿದವಳು ಅವಳೇ. ನಲವತ್ತು ವರ್ಷ ಅಳತೆಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು ಬದುಕಿದವಳು ನನ್ನ ಮುಖ ನೋಡದೆ ಬೆಂಕಿ ಹಚ್ಚುತ್ತಿದ್ದಳು.

"ಅಕ್ಕ, ಯಾವಾಗಿಂದ ನೋವು?"

ಅವಳು ಪಾತ್ರೆಗೆ ನೀರು ಹಾಕಿದಳು. ಇನ್ನೂ ಸ್ವಲ್ಪ ಹಾಕಿದಳು.

"ಎರಡು ತಿಂಗಳಾಯ್ತೇನೋ. ಪರದೆ ಗಂಟು ಎತ್ತಿದೆ. ಒಳಗೆ ಕಡ್ಡಿ ಮುರಿದ ಹಾಗಾಯ್ತು. ಅಷ್ಟೇ, ಬಿದ್ದಿಲ್ಲ ಏನಿಲ್ಲ."

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳೋಣ ಅಂತ್ಲೇ ಬಂದೆ ಪುಟ್ಟಿ. ನೀನು ಮೊದಲು ಮೆಷಿನ್ ಮೇಲೆ ಮಲಗ್ಸಿದೆ. ಏಳು ಏರಿದೆ ಅಂದೆ. ಕುಣಿದಾಡಿದೆ." ಅವಳು ಒಲೆ ಆರಿಸಿದಳು, ನೀರು ಇನ್ನೂ ಕಾದಿರಲಿಲ್ಲ. "ಮೆಷಿನ್ ಸರಿಯಾಗಿದೆ ಅಂದ್ಮೇಲೆ ನೋವೇ ಸುಳ್ಳು ಅಂದ್ಕೊಂಡೆ. ವಯಸ್ಸಾಯ್ತಲ್ಲ, ಏನೇನೋ ಅನ್ಸುತ್ತೆ ಅಂತ."

ನಾನು ಅವಳ ಹಿಂದೆ ನಿಂತು ಬಟ್ಟೆಯ ಮೇಲಿಂದಲೇ ಬೆನ್ನಿನ ಗುಂಟ ಬೆರಳಿಳಿಸಿದೆ. ನಡುವೆ ಒಂದು ಕಡೆ ಅವಳ ಉಸಿರು ನಿಂತಿತು. ಅಲ್ಲಿ ಸಣ್ಣ ಗಂಟಿನಂತೆ ಏನೋ ಎದ್ದಿತ್ತು. ಅಮ್ಮನದೂ ಅಲ್ಲೇ ಶುರುವಾಗಿತ್ತು.

ಶನಿವಾರ ಬೆಳಿಗ್ಗೆ ಎಕ್ಸ್‌ರೇ ತೆಗೆಸಿ ಡಾಕ್ಟರಮ್ಮನ ಎದುರು ಕುಳಿತೆವು. ಅವರು ಚಿತ್ರವನ್ನು ಬೆಳಕಿಗಿಟ್ಟು ಪೆನ್ನಿನ ತುದಿಯಿಂದ ಎರಡು ಮಣಿ ತೋರಿಸಿದರು. ಆಮೇಲೆ ಇನ್ನೊಂದು ಮಣಿಯ ಹತ್ತಿರ ಪೆನ್ನು ತಡೆದು ನಿಂತಿತು.

"ಇದು?" ಎಂದಳು ಅಕ್ಕ.

"ಇದು ಇನ್ನೂ ನಿಂತಿದೆ" ಎಂದರು ಅವರು. ನನ್ನ ಕಡೆ ತಿರುಗಿದರು. "ಮೂರು ಸಲ ಸ್ಕ್ಯಾನ್ ಆಗಿದೆ ಅಂದ್ರಲ್ಲ, ಫಾರಂ ಎಲ್ಲಿ?"

"ಇಲ್ಲ."

"ರಿಪೋರ್ಟು?"

"ಮಾಡಿಲ್ಲ."

"ಅಂದ್ರೆ ನಿಮ್ಮ ಬಿಟ್ಟು ಯಾರೂ ನೋಡಿಲ್ಲ."

"ನಾನೂ ನೋಡಿಲ್ಲ" ಎಂದೆ.

ಅವರು ಗದರಿದ್ದರೆ ಚೆನ್ನಾಗಿತ್ತು. ಪೆನ್ನಿಗೆ ಮುಚ್ಚಳ ಹಾಕಿ, ನೇರವಾಗಿ ಅಕ್ಕನಿಗೆ ಹೇಳಿದರು. "ಸೂಜಿ ತಪ್ಪಿಸಿದಾಗ ಅಷ್ಟು ವರ್ಷ ತಡೆದಿಟ್ಟಿದ್ದ ಸವೆತ ಒಟ್ಟಿಗೇ ನುಗ್ಗುತ್ತೆ. ಒಂದು ಮಣಿ ಹೋದ್ರೆ ಭಾರ ಪಕ್ಕದ್ದಕ್ಕೆ ಬೀಳುತ್ತೆ. ಅದು ಹೋದ್ರೆ ಅದರ ಪಕ್ಕದ್ದಕ್ಕೆ. ಇವತ್ತು ಸೂಜಿ ಕೊಡ್ತೀನಿ. ಆದ್ರೆ ಅದು ಇವತ್ತೇ ಹಿಡಿದು ನಿಲ್ಲಿಸಲ್ಲ. ಮುಂದಿನ ಕೆಲವು ತಿಂಗಳು ಬಗ್ಗೋದು, ಎತ್ತೋದು, ತಿರುಚೋದು ಯಾವುದೂ ಬೇಡ."

"ಹೊಲಿಗೆ?"

"ಬೇಡ."

"ಕುಳಿತ್ಕೊಂಡು ಗುಂಡಿ ಹಾಕೋದು?"

"ನೋಡೋಣ."

ಅಕ್ಕ ತಲೆಯಾಡಿಸಿದಳು. ಇಂಜೆಕ್ಷನ್ ಕೊಡುವಾಗ ತೋಳು ನೋಡದೆ ಗೋಡೆ ನೋಡಿದಳು. ಡಾಕ್ಟರಮ್ಮ ನನ್ನ ಮುಂದೆ ಬಿಳಿ ಹಾಳೆ ಇಟ್ಟರು. ನೀಲಿ ಡಬ್ಬಿಯ ಹನ್ನೊಂದು ಜನರಲ್ಲಿ ಅಕ್ಕ ಹೆಸರು ಹೇಳಿದ ಮೂವರೂ ಸೇರಿ ನನಗೆ ಗೊತ್ತಿದ್ದವರು ಏಳು. ಬರೆದೆ. ಉಳಿದ ನಾಲ್ವರನ್ನು ಟೀಚರ್ ಹತ್ತಿರ ಕೇಳಬೇಕು. "ಎಲ್ಲರನ್ನೂ ಕರೆಸ್ತೀನಿ" ಎಂದರು. "ಸೋಮವಾರದಿಂದ ನೀವು ಮೆಷಿನ್ ಮುಟ್ಟೋದು ಬೇಡ, ನಾನು ಹೇಳೋವರೆಗೆ." ನಾನು ಹೂಂ ಎಂದೆ. ಆ ಕ್ಷಣಕ್ಕೆ ಅದು ನನಗೆ ಶಿಕ್ಷೆ ಎನಿಸಲಿಲ್ಲ. ಸೋಮವಾರ ಹೊಸ ಹುಡುಗಿ ಬಂದು ಗುಂಡಿ ಒತ್ತುತ್ತಾಳೆ, ಆ ಏಳು ಬೆನ್ನುಗಳ ಒಳಗೆ ಏನಿದೆಯೋ ಎಂದು ಮಾತ್ರ ಯೋಚಿಸುತ್ತಿದ್ದೆ.

ಟ್ಯಾಕ್ಸಿಯಲ್ಲಿ ಅಕ್ಕನ ಸೊಂಟದ ಹಿಂದೆ ನನ್ನ ಕೋಟು ಮಡಚಿ ಇಟ್ಟೆ. ಮೊದಲ ರಸ್ತೆಯುಬ್ಬು ಬಂದಾಗ ಅವಳ ಕೈ ನನ್ನ ಮೊಣಕಾಲನ್ನು ಹಿಡಿದುಕೊಂಡಿತು.

"ಸ್ವಲ್ಪ ನಿಧಾನ" ಎಂದೆ ಚಾಲಕನಿಗೆ.

"ಇದಕ್ಕಿಂತ ನಿಧಾನ ಅಂದ್ರೆ ನಾನಿಳಿದು ತಳ್ಬೇಕು. ಏನಮ್ಮ, ಹಿಂದೆ ಮೊಟ್ಟೆ ಬುಟ್ಟಿ ಇಟ್ಕೊಂಡಿದ್ದೀರಾ?"

"ಹೌದಪ್ಪ" ಎಂದಳು ಅಕ್ಕ. "ಎರಡು ಆಗ್ಲೇ ಒಡೆದಿದೆ."

ಅವನು ನಕ್ಕ. ಅಕ್ಕನೂ ನಕ್ಕಳು, ಎದೆ ಅಲುಗದ ಹಾಗೆ, ತುಟಿಯಲ್ಲಿ ಮಾತ್ರ. ಎರಡನೆಯ ಉಬ್ಬಿನಲ್ಲಿ ನಗು ಹೋಯಿತು. ಮೂರನೆಯದು ದೂರದಲ್ಲಿ ಕಾಣುವಾಗಲೇ ಅವಳ ಉಗುರು ನನ್ನ ಮೊಣಕಾಲಿಗೆ ಇಳಿದಿತ್ತು.

"ಇನ್ನೆಷ್ಟು ಇವೆ?"

ನಾನು ಮನಸ್ಸಿನಲ್ಲೇ ರಸ್ತೆ ನಡೆದು ನೋಡಿದೆ. "ಐದು."

"ಇಳಿಸಿಬಿಡು. ನಡೆದೇ ಹೋಗೋಣ."

ಇಳಿದೆವು. ಕೈ ಹಿಡಿದು ಮೆಲ್ಲಗೆ ನಡೆದೆವು. ಶನಿವಾರದ ಜನ ನಮ್ಮನ್ನು ಎರಡೂ ಕಡೆಯಿಂದ ದಾಟಿ ಹೋಗುತ್ತಿದ್ದರು. ಎದುರಿಗೆ ಬಂದ ಪ್ರತಿ ಭುಜವೂ ಅವಳಿಗೆ ತಾಗೀತೆಂದು ನಾನು ಅಡ್ಡ ಹೋಗುತ್ತಿದ್ದೆ. ಬಾಗಿಲು ಮುಚ್ಚಿದ್ದ ಒಂದು ಅಂಗಡಿಯ ಗಾಜಿನ ಮುಂದೆ ಅಕ್ಕ ನಿಂತಳು. ದಣಿವಾಗಿದೆ ಎಂದುಕೊಂಡೆ. ಅವಳು ಗಾಜಿನಲ್ಲಿ ನಮ್ಮಿಬ್ಬರನ್ನು ನೋಡುತ್ತಿದ್ದಳು.

"ಕೇಳಿದ್ರೆ ನಿಜ ಹೇಳ್ತೀಯಾ?"

"ಕೇಳು."

"ನಾನೀಗ ನಿನಗೆ ಎಲ್ಲಿಗೆ ಬರ್ತೀನಿ?"

ನಾವಿಬ್ಬರೂ ಒಂದೇ ಎತ್ತರ. ಅವಳ ಬಟ್ಟೆ ನನಗೆ, ನನ್ನದು ಅವಳಿಗೆ, ಒಂದು ಹೊಲಿಗೆ ಬಿಚ್ಚದೆ ಆಗುತ್ತಿತ್ತು. ಗಾಜಿನಲ್ಲಿ ಅವಳ ತಲೆ ನನ್ನ ಹಣೆಯ ಹತ್ತಿರವಿತ್ತು.

"ಹಣೆ ಹತ್ತಿರ."

"ಹೊಲಿಗೆಯವಳಿಗೆ ಹತ್ತಿರ ಅಂತ ಅಳತೆ ಹೇಳ್ಬೇಡ."

"ಕೂದಲು ಶುರುವಾಗೋ ಕಡೆ."

"ಎರಡು ಬೆರಳು" ಎಂದಳು. "ನನಗೂ ಅಷ್ಟೇ ಬಂತು."

ಅವಳಿಗೆ ಗೊತ್ತಿತ್ತು. ಮೊದಲ ನಿಲುವಂಗಿಯನ್ನು ಮಡಚಿದ ದಿನವೇ ಗೊತ್ತಿತ್ತು. ನಾನು ತಂದುಕೊಟ್ಟ ಅಂಕಿಗೆ ಮರ್ಯಾದೆ ಕೊಟ್ಟು, ತನ್ನ ಅಳತೆಪಟ್ಟಿಯನ್ನು ಅವಳು ನಂಬದೆ ಬಿಟ್ಟಿದ್ದಳು. ಕ್ಷಮಿಸು ಎನ್ನಬೇಕೆಂದು ಬಾಯಿ ತೆರೆದೆ.

"ಈಗ ಬೇಡ" ಎಂದಳು. "ಈಗ ಅಳೋಕೆ ಶುರು ಮಾಡಿದ್ರೆ ನನ್ನನ್ನ ಯಾರು ಹಿಡ್ಕೊಳ್ತಾರೆ? ನಡಿ."

ಚಪ್ಪಲಿ ಅಂಗಡಿಯ ಪಕ್ಕದ ಸಂದಿಗೆ ಬಂದೆವು. ಕೆಳಗಿನಿಂದ ನೋಡಿದರೆ ಮೆಟ್ಟಿಲು ನೆಟ್ಟಗೆ ಕತ್ತಲೆಯೊಳಗೆ ಏರಿ, ಮೇಲೆ ಬಾಗಿಲಿನ ಬಳಿ ಒಂದು ತುಂಡು ಬೆಳಕಾಗಿತ್ತು. ನನ್ನ ಮನೆಗೆ ಹೋಗೋಣ, ಅಲ್ಲಿ ಮೆಟ್ಟಿಲಿಲ್ಲ ಎಂದೆ. ನಾಳೆ ಎಂದಳು, ಮೇಲೆ ಕತ್ತರಿಸಿಟ್ಟ ಬಟ್ಟೆಯಿದೆ, ಯಾರಿಗಾದರೂ ಒಪ್ಪಿಸಬೇಕು, ಟೀಚರ್ ಕೋಟು ಬೇರೆ ಹಾಗೇ ಬಿದ್ದಿದೆ.

"ನೀನು ಹಿಂದೆ ಬಾ. ಮುಟ್ಟಬೇಡ, ಹತ್ತಿರ ಇರು."

ಅವಳು ಕಂಬಿ ಹಿಡಿದು ಮೊದಲ ಮೆಟ್ಟಿಲಿಗೆ ಕಾಲಿಟ್ಟಳು. ಎರಡೂ ಕಾಲು ಬಂದ ಮೇಲೆ ಉಸಿರು ಬಿಟ್ಟಳು. ಎರಡನೆಯದು. ನಾನು ಎರಡೂ ಕೈಗಳನ್ನು ಅವಳ ಬೆನ್ನಿಗೆ ಒಂದು ಗೇಣು ದೂರದಲ್ಲಿ ಚಾಚಿ ಹಿಡಿದು ಏರುತ್ತಿದ್ದೆ. ಮೂರನೆಯ ಮೆಟ್ಟಿಲಲ್ಲಿ ಅವಳು ನಿಂತಳು.

"ಏನಾಯ್ತು?"

ಕಂಬಿಯ ಮೇಲಿನ ಅಕ್ಕನ ಕೈ ಬಿಗಿಯಾಯಿತು. ತಲೆಯನ್ನು ಒಂದಿಷ್ಟು ವಾಲಿಸಿ, ತನ್ನ ಬೆನ್ನೊಳಗೆ ಏನನ್ನೋ ಕೇಳಿಸಿಕೊಳ್ಳುವವಳಂತೆ ಅಲುಗದೆ ನಿಂತಿದ್ದಳು.